ಮೆಟ್ಟಿಲಿನ ಹರಕೆ, ರಸೀದಿಯ ಲೆಕ್ಕ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನಡುವೆ ನಿಂತಿರುವ ಸ್ಕೈ ಟವರ್ 328 ಮೀಟರ್ ಎತ್ತರ. ಪ್ರವಾಸಿಗರು ಲಿಫ್ಟಿನಲ್ಲಿ ಮೇಲೇರಿ, ಗಾಜಿನ ನೆಲದ ಮೇಲೆ ನಿಂತು ಕೆಳಗಿನ ಬೀದಿ ನೋಡಿ ಬೆಚ್ಚಿ, ಮತ್ತೆ ಲಿಫ್ಟಿನಲ್ಲೇ ಇಳಿದು ಹೋಗುತ್ತಾರೆ. ಗೋಪುರದ ಹೊಟ್ಟೆಯೊಳಗೊಂದು ಮೆಟ್ಟಿಲಸಾಲು ಇದೆ ಎಂಬುದು ಅವರಲ್ಲಿ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ವರ್ಷದಲ್ಲಿ ಒಂದು ದಿನ ಆ ಮೆಟ್ಟಿಲುಗಳ ತುಂಬ ಬೂಟಿನ ಸದ್ದು. ದೇಶದ ಮೂಲೆಮೂಲೆಯಿಂದ ಬಂದ ಅಗ್ನಿಶಾಮಕ ಸಿಬ್ಬಂದಿ ಬೆಂಕಿಗೆ ಇಳಿಯುವಾಗ ತೊಡುವ ದಪ್ಪ ಕೋಟು, ಹೆಲ್ಮೆಟ್ಟು, ಬೆನ್ನಿಗೆ ಉಸಿರಾಟದ ಸಿಲಿಂಡರು ಎಲ್ಲವನ್ನೂ ಹೊತ್ತುಕೊಂಡು 51 ಅಂತಸ್ತು ಹತ್ತುತ್ತಾರೆ. ಮೆಟ್ಟಿಲು 1,103. ಮೈಮೇಲಿನ ಭಾರ ಸುಮಾರು 25 ಕಿಲೊ. ಅಂಗಡಿಯಿಂದ ತರುವ 25 ಕಿಲೊ ಅಕ್ಕಿ ಚೀಲವೊಂದನ್ನು ಬೆನ್ನಿಗೆ ಬಿಗಿದುಕೊಂಡು, ಬೇಸಿಗೆಯಲ್ಲಿ ಕಂಬಳಿ ಹೊದ್ದು, ಚಾಮುಂಡಿ ಬೆಟ್ಟದ ಪಾದದಿಂದ ಗುಡಿಯವರೆಗೆ ನಿಲ್ಲದೆ ಹತ್ತಿದರೆ ಹೇಗಿರುತ್ತದೆ ಎಂದು ಮೈಸೂರಿನವರು ಊಹಿಸಿಕೊಳ್ಳಬಹುದು.

2005ರಲ್ಲಿ ಶುರುವಾದ ಈ ಏರಾಟದಿಂದ ಬರುವ ಹಣವೆಲ್ಲ ಒಂದೇ ಸಂಸ್ಥೆಗೆ: ಲ್ಯುಕೇಮಿಯಾ ಅಂಡ್ ಬ್ಲಡ್ ಕ್ಯಾನ್ಸರ್ ನ್ಯೂಜಿಲೆಂಡ್. ರಕ್ತದ ಕ್ಯಾನ್ಸರ್ ಬಂದವರ ಮತ್ತು ಅವರ ಮನೆಯವರ ನೆರವಿಗೆ ನಿಲ್ಲುವ, ಸಂಶೋಧನೆಗೆ ಹಣ ಕೊಡುವ ಸಂಸ್ಥೆ ಅದು. ಹತ್ತುವವರು ಮೊದಲು ತಮ್ಮ ಊರಿನಲ್ಲಿ, ಬಂಧುಗಳಲ್ಲಿ, ಗೆಳೆಯರಲ್ಲಿ ಕೈಚಾಚಿ ದೇಣಿಗೆ ಕೂಡಿಸಬೇಕು. ಆಮೇಲೆ ಗೋಪುರ.

ಬೆಂಕಿ ಆರಿಸುವವರಿಗೂ ರಕ್ತದ ಕ್ಯಾನ್ಸರಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸೀತು. ಸಂಬಂಧ ಎದೆ ನಡುಗಿಸುವಷ್ಟು ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಎಂದರೆ ತಂಬಾಕಿನ ಹೊಗೆ ಮತ್ತು ಕಲ್ನಾರು ಇರುವ ಗುಂಪಿಗೆ, ಸೇರಿಸಿತು. ಉರಿಯುವ ಪ್ಲಾಸ್ಟಿಕ್ಕು, ಪೇಂಟು, ಪೀಠೋಪಕರಣಗಳ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದ ಮೈಗಳು ಇವು. ಆಕ್ಲೆಂಡಿನಲ್ಲಿ ಆ ಮೆಟ್ಟಿಲು ಹತ್ತುವವರಿಗೆ ಕ್ಯಾನ್ಸರು ಪಕ್ಕದ ಮನೆಯ ಸುದ್ದಿಯಲ್ಲ.

ಆಕ್ಲೆಂಡಿನ ಏರಾಟಕ್ಕೂ ಹಿಂದಿನದು ಅಮೆರಿಕದ ಸಿಯಾಟಲ್‌ನದು. ಅಲ್ಲಿನ ಕೊಲಂಬಿಯಾ ಸೆಂಟರಿನಲ್ಲಿ 1980ರ ದಶಕದಿಂದ ಸಾರ್ವಜನಿಕರಿಗೆ ‘ಬಿಗ್ ಕ್ಲೈಂಬ್’, 1991ರಿಂದ ಅಗ್ನಿಶಾಮಕದವರಿಗೆ ಪ್ರತ್ಯೇಕ ಏರಾಟ ನಡೆಯುತ್ತಿವೆ. ಒಟ್ಟು 69 ಅಂತಸ್ತು, 1,311 ಮೆಟ್ಟಿಲು. ಎರಡರ ಹಣವೂ 2025ರವರೆಗೆ ಲ್ಯುಕೇಮಿಯಾ ಅಂಡ್ ಲಿಂಫೋಮಾ ಸೊಸೈಟಿ ಎನಿಸಿದ್ದ ಸಂಸ್ಥೆಗೆ. ರೋಗಿಯೊಬ್ಬರ ಫೋಟೊವನ್ನೋ ಹೆಸರನ್ನೋ ಹೆಲ್ಮೆಟ್ಟಿಗೆ ಅಂಟಿಸಿಕೊಂಡು ಹತ್ತುವವರು ಅಲ್ಲಿ ಬಹಳ. ಅದೇ ಕಟ್ಟಡ, ಅದೇ ಕಾಯಿಲೆ, ಅದೇ ಸಂಸ್ಥೆ, ಮೂರು ದಶಕಕ್ಕೂ ಮಿಕ್ಕಿ. ಈ ಬಗೆಯ ಸವಾಲುಗಳು ಎಲ್ಲಿ ನೆಲೆ ನಿಂತಿವೆ, ಎಲ್ಲಿ ನಿಂತಿಲ್ಲ ಎಂದು ನೋಡಿದರೆ ಕಣ್ಣಿಗೆ ಹೊಡೆಯುವ ಅಂಶ ಇದು. ಒಂದು ಸಲ ಬಂದು ಬ್ಯಾನರ್ ಕಟ್ಟಿ, ಟೀ ಶರ್ಟು ಹಂಚಿ, ಫೋಟೊ ತೆಗೆಸಿಕೊಂಡು ಹೋಗುವ ಕಾರ್ಯಕ್ರಮಕ್ಕೆ ಜನ ಒಂದು ಸಲವೇ ಕೊಡುತ್ತಾರೆ. ಪ್ರತಿವರ್ಷ ಅದೇ ಬಾಗಿಲಿಗೆ, ಅದೇ ಕಾರಣಕ್ಕೆ ಬಂದು ನಿಲ್ಲುವವರಿಗೆ ಊರು ನಿಧಾನವಾಗಿ ತನ್ನ ಕೈ ಬಿಚ್ಚುತ್ತದೆ. ಜಾತ್ರೆ ನಡೆಯುವುದೂ ಹೀಗೆಯೇ ಅಲ್ಲವೇ? ತಿಥಿ ಬದಲಾಗದ ಕಾರಣಕ್ಕೇ ಅದು ಜಾತ್ರೆ.

ಆದರೆ ದೇಣಿಗೆ ಕೇಳುವುದಕ್ಕೆ ಮೈ ದಂಡಿಸಬೇಕೇಕೆ? ಸುಮ್ಮನೆ ಕೇಳಿದರೆ ಕೊಡುವುದಿಲ್ಲವೇ? ಕ್ರಿಸ್ಟೊಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ ಎಂಬ ಇಬ್ಬರು ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯನ್ನೇ ಹಿಡಿದು ಹೊರಟಿತ್ತು. ಒಂದು ಒಳ್ಳೆಯ ಕೆಲಸಕ್ಕಾಗಿ ಆರಾಮಾಗಿ ವನಭೋಜನಕ್ಕೆ ಹೋಗಬೇಕು ಎಂದಾಗಿನದಕ್ಕಿಂತ, ಅದೇ ಕೆಲಸಕ್ಕಾಗಿ ಐದು ಮೈಲಿ ಓಡಬೇಕು ಎಂದಾಗ ಜನ ಹೆಚ್ಚು ಹಣ ಕೊಡಲು ಮುಂದಾದರು. ಅದರಲ್ಲೂ ಮನುಷ್ಯರ ನೋವು ನೀಗಿಸುವ ಕಾರಣವಿದ್ದಾಗ ಈ ಪರಿಣಾಮ ಗಾಢವಾಗಿತ್ತು. ಉದ್ಯಾನ ಕಟ್ಟುವಂಥ ಖುಷಿಯ ಕಾರಣಕ್ಕೆ ಅಷ್ಟಿರಲಿಲ್ಲ. ನೋವಿಗೆ ನೋವನ್ನೇ ಎದುರು ಇಡಬೇಕು ಎಂದು ಮನಸ್ಸು ಬಯಸುತ್ತದೆ.

ಕನ್ನಡನಾಡಿನ ಹೆಂಗಸರಿಗೆ ಇದನ್ನು ಹೇಳಿಕೊಡಲು ವಿದ್ವಾಂಸರು ಬೇಕಿಲ್ಲ. ಆಷಾಢದ ಶುಕ್ರವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಪಾದದಲ್ಲಿ ನಿಂತರೆ ಸಾಕು. ಸುಮಾರು ಸಾವಿರ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಹೋಗುವವರಲ್ಲಿ ಎಷ್ಟೋ ಮಂದಿಯ ಹಿಂದೆ ಒಂದು ಆಸ್ಪತ್ರೆಯ ಹಾಸಿಗೆ ಇರುತ್ತದೆ. ಮಗುವಿನ ಜ್ವರ ಇಳಿಯಲಿ, ಗಂಡನ ಆಪರೇಷನ್ ಸುಸೂತ್ರವಾಗಲಿ, ನಾನು ಮೆಟ್ಟಿಲು ಹತ್ತಿ ಬರುತ್ತೇನೆ ಎಂದು ಕಟ್ಟಿಕೊಂಡ ಹರಕೆ. ಆಕ್ಲೆಂಡಿನವರು ಮಾಡುತ್ತಿರುವುದು ಇದರ ತೀರ ಹತ್ತಿರದ ಬಂಧು. ವ್ಯತ್ಯಾಸ ಒಂದೇ: ನಮ್ಮ ಹರಕೆ ನಮ್ಮ ಮನೆಯ ರೋಗಿಗೆ, ಅವರ ಹರಕೆ ಮುಖ ನೋಡದ ರೋಗಿಗೆ.

ಷಿಕಾಗೊದಲ್ಲಿ ನಡೆಯುವ ಏರಾಟಕ್ಕೆ ಇನ್ನೊಂದು ಅರ್ಥವಿದೆ. ಹಿಂದೆ ಜಾನ್ ಹ್ಯಾನ್‌ಕಾಕ್ ಸೆಂಟರ್ ಎಂದು ಕರೆಯುತ್ತಿದ್ದ ಕಟ್ಟಡದ 94 ಅಂತಸ್ತು, 1,632 ಮೆಟ್ಟಿಲುಗಳನ್ನು ಚಳಿಗಾಲದಲ್ಲಿ ಹತ್ತುವ ಈ ಕಾರ್ಯಕ್ರಮದ ಹಣ ಶ್ವಾಸಕೋಶದ ಕಾಯಿಲೆಗಳಿಗೆ ಮೀಸಲು. ಪೂರ್ತಿ ಆಗದವರಿಗೆ 816 ಮೆಟ್ಟಿಲಿನ ಅರ್ಧ ಏರಾಟವೂ ಉಂಟು. ಗಾಳಿಯಾಡದ ಕಾಂಕ್ರೀಟಿನ ಕೊಳವೆಯಂಥ ಮೆಟ್ಟಿಲ ದಾರಿ, ಕಿಟಕಿಯಿಲ್ಲ, ಬೀದಿಯ ಎರಡೂ ಬದಿ ನಿಂತು ಚಪ್ಪಾಳೆ ತಟ್ಟುವ ಜನರಿಲ್ಲ. ಮೂವತ್ತನೆಯ ಅಂತಸ್ತಿನ ಹೊತ್ತಿಗೆ ಗಟ್ಟಿಮುಟ್ಟಾದವರಿಗೂ ಏದುಸಿರು. ಎದೆ ಬಿಗಿಯುತ್ತದೆ, ಗಂಟಲು ಒಣಗುತ್ತದೆ, ಎಷ್ಟು ಎಳೆದುಕೊಂಡರೂ ಗಾಳಿ ಸಾಲದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ವೈದ್ಯರು ಸಿಒಪಿಡಿ ಎನ್ನುವುದು, ಇರುವವರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಪಡುವ ಪಾಡು ಇದು. ಆರೋಗ್ಯವಂತನೊಬ್ಬ ರೋಗಿಯ ಉಸಿರನ್ನು ತನ್ನ ಎದೆಯಲ್ಲಿ ಕೆಲವು ನಿಮಿಷ ಹೊತ್ತು ನೋಡುವ ಅವಕಾಶವನ್ನು ಬೇರೆ ಯಾವ ಓಟವೂ, ಯಾವ ನಡಿಗೆಯೂ ಇಷ್ಟು ನೇರವಾಗಿ ಕೊಡುವುದಿಲ್ಲ. ಮೆಟ್ಟಿಲಿನ ನಿಜವಾದ ಬೆಲೆ ಇಲ್ಲಿದೆ.

ಭಾರತದಲ್ಲಿ 2016ರ ಅಂದಾಜಿನಂತೆ ಸುಮಾರು ಐದೂವರೆ ಕೋಟಿ ಜನರಿಗೆ ಈ ಸಿಒಪಿಡಿ ಇತ್ತು. ಅವರಲ್ಲಿ ಬೀಡಿ ಸಿಗರೇಟು ಮುಟ್ಟದೆ, ಸೌದೆ ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತಲೇ ಶ್ವಾಸಕೋಶ ಕಳೆದುಕೊಂಡ ಹೆಂಗಸರು ಬಹಳ. ಅವರಿಗಾಗಿ ಯಾರಾದರೂ ಮೆಟ್ಟಿಲು ಹತ್ತಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆ?

ಷಿಕಾಗೊದ ಈ ಏರಾಟವನ್ನು ನಡೆಸುವ ಸಂಸ್ಥೆ ಹುಟ್ಟಿದ್ದು 1906ರಲ್ಲಿ, ಕ್ಷಯರೋಗದ ವಿರುದ್ಧ ಹೋರಾಡಲು. ಅಮೆರಿಕದ ಹಲವು ನಗರಗಳಲ್ಲಿ ಇಂಥ ಏರಾಟ ನಡೆಸುವ ಅಮೆರಿಕನ್ ಲಂಗ್ ಅಸೋಸಿಯೇಷನ್ ಸಹ 1904ರಲ್ಲಿ ಕ್ಷಯದ ಸಲುವಾಗಿಯೇ ಸ್ಥಾಪನೆಯಾದದ್ದು. 1907ರಲ್ಲಿ ಎಮಿಲಿ ಬಿಸೆಲ್ ಎಂಬ ಸಮಾಜ ಸೇವಕಿ, ಮುಚ್ಚಿಹೋಗಲಿದ್ದ ಪುಟ್ಟ ಆರೋಗ್ಯಧಾಮವೊಂದನ್ನು ಉಳಿಸಲು ಒಂದು ಸೆಂಟಿನ ಕ್ರಿಸ್‌ಮಸ್ ಸೀಲುಗಳನ್ನು ಮಾರಿದರು. ಬೇಕಿದ್ದದ್ದು 300 ಡಾಲರ್, ಬಂದದ್ದು ಅದರ ಹತ್ತು ಪಟ್ಟು. ಆ ಸೀಲಿನ ಕಲ್ಪನೆ ನಮ್ಮಲ್ಲಿಗೂ ಬಂತು. ಗಾಂಧಿ ಜಯಂತಿಯಂದು ಶುರುವಾಗುವ ಟಿ.ಬಿ. ಸೀಲ್ ಅಭಿಯಾನ ಅದೇ. ಮೇಷ್ಟ್ರು ಕೊಟ್ಟ ಸೀಲಿನ ಹಾಳೆ ಹಿಡಿದು ಮನೆಮನೆ ಅಲೆದ ನೆನಪು ಹಳೆಯ ತಲೆಮಾರಿನ ಎಷ್ಟೋ ಮಂದಿಗೆ ಇದ್ದೀತು. ಆ ಚಿಕ್ಕ ಕಾಗದದ ಗುಣವೆಂದರೆ ಬಡವನೂ ಕೊಡಬಹುದಿತ್ತು, ಮತ್ತು ಕೊಟ್ಟದ್ದಕ್ಕೆ ಗುರುತಾಗಿ ಕೈಯಲ್ಲೊಂದು ಸೀಲು ಉಳಿಯುತ್ತಿತ್ತು. ಮೆಟ್ಟಿಲಿನ ಸವಾಲು ಆ ಸೀಲಿನ ವಂಶದ್ದು. ಅದರ ಗುಣವನ್ನು ಬಿಟ್ಟುಕೊಡಬಾರದು.

ಇಂಥ ಹಣ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಮೆರಿಕದ ಆರೆಗನ್ನಿನ ವೈದ್ಯ ಬ್ರಯಾನ್ ಡ್ರುಕರ್ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಬೆನ್ನು ಹತ್ತಿದಾಗ ಅವರ ಸಂಶೋಧನೆಗೆ ಹಣ ಕೊಟ್ಟವರಲ್ಲಿ ಲ್ಯುಕೇಮಿಯಾ ಅಂಡ್ ಲಿಂಫೋಮಾ ಸೊಸೈಟಿಯೂ ಒಂದು. ಸಿಯಾಟಲ್‌ನ ಮೆಟ್ಟಿಲಿನ ಹಣ ಸೇರುವ ಸಂಸ್ಥೆಯೇ ಅದು. ಆ ಸಂಶೋಧನೆಯ ಫಲವಾದ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಕೆಲವೇ ವರ್ಷಗಳ ಆಯುಸ್ಸು ಎನ್ನಿಸಿಕೊಳ್ಳುತ್ತಿದ್ದ ರೋಗಿಗಳು ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವಂತಾಯಿತು. ಭಾರತದಲ್ಲಿ ಮೂಲ ಕಂಪನಿ ನೊವಾರ್ಟಿಸ್‌ನ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಹೆಚ್ಚು ಬೆಲೆ ಇತ್ತು. ಇಲ್ಲಿಯ ಕಂಪನಿಗಳು ತಯಾರಿಸಿದ್ದು ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ ಮೇಲೆ ಅಗ್ಗದ ಮಾತ್ರೆ ಉಳಿದುಕೊಂಡಿತು. ಎಲ್ಲೋ ದೂರದ ಜನ ಬೆವರು ಸುರಿಸಿ ಕೂಡಿಸಿಕೊಟ್ಟ ಕಾಸು, ಒಬ್ಬ ವೈದ್ಯನ ಹಟ, ದೆಹಲಿಯ ಒಂದು ತೀರ್ಪು: ಇಷ್ಟೂ ಸೇರಿ ಇಂದು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯ ಹೊರರೋಗಿಯ ಅಂಗೈಗೆ ಒಂದು ಮಾತ್ರೆಯಾಗಿ ಬಂದಿದೆ.

ಷಿಕಾಗೊದಲ್ಲೇ, ಹಿಂದೆ ಸಿಯರ್ಸ್ ಟವರ್ ಎನಿಸಿದ್ದ ವಿಲ್ಲಿಸ್ ಟವರ್‌ನಲ್ಲಿ, ಅಲ್ಲಿನ ಪುನರ್ವಸತಿ ಆಸ್ಪತ್ರೆಯೊಂದಕ್ಕಾಗಿ 103 ಅಂತಸ್ತಿನ ಏರಾಟ ನಡೆಯುತ್ತಿತ್ತು. 2012ರ ನವೆಂಬರಿನಲ್ಲಿ ಅದನ್ನು ಹತ್ತಿದವರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಬಲಗಾಲು ಕಳೆದುಕೊಂಡಿದ್ದ ಜಾಕ್ ವಾಟರ್ ಇದ್ದರು. ಅವರ ತೊಡೆಯ ಕೆಳಗಿದ್ದದ್ದು ಮನಸ್ಸಿನ ಆಣತಿಗೆ ಮಡಚಿ ಚಾಚುವ ಯಂತ್ರದ ಕಾಲು. ಅದನ್ನು ರೂಪಿಸಿದವರಲ್ಲಿ ಅದೇ ಆಸ್ಪತ್ರೆಯ ಸಂಶೋಧಕರ ತಂಡವೂ ಇತ್ತು. ಒಂದು ಗಂಟೆಯೊಳಗೆ ಅವರು ತುದಿ ಮುಟ್ಟಿದರು. ಸಂಶೋಧನೆಯ ಫಲಿತಾಂಶ ದೇಣಿಗೆ ಕೂಡಿಸಿದವರ ಪಕ್ಕದಲ್ಲೇ ಮೆಟ್ಟಿಲು ಹತ್ತಿದ ದಿನ ಅದು. ವರದಿಯ ಪುಸ್ತಕ ಎಷ್ಟು ದಪ್ಪವಿದ್ದರೂ ಇಷ್ಟು ಹೇಳಲಾರದು.

ಇದಕ್ಕೆಲ್ಲ ಗಗನಚುಂಬಿ ಕಟ್ಟಡವೇ ಬೇಕೆಂದಿಲ್ಲ. 2020ರಲ್ಲಿ ಕೊರೊನಾ ಮನೆಗಳ ಬಾಗಿಲು ಹಾಕಿಸಿದ್ದಾಗ ಸ್ಕಾಟ್ಲೆಂಡಿನ 90 ವರ್ಷದ ಮಾರ್ಗರೆಟ್ ಪೇನ್ ತಮ್ಮ ಮನೆಯ ಮಹಡಿ ಮೆಟ್ಟಿಲನ್ನೇ ಬೆಟ್ಟ ಮಾಡಿಕೊಂಡರು. ಹುಡುಗಿಯಾಗಿದ್ದಾಗ ಹತ್ತಿದ್ದ ಸುಯಿಲ್ವೆನ್ ಎಂಬ ಬೆಟ್ಟದ ಎತ್ತರ 731 ಮೀಟರ್. ಅಷ್ಟೆತ್ತರ ಆಗಬೇಕಾದರೆ ಮಹಡಿ 282 ಸಲ ಹತ್ತಬೇಕು. ಏಪ್ರಿಲ್‌ನಲ್ಲಿ ಶುರು ಮಾಡಿದ ಅಜ್ಜಿ ಜೂನ್‌ನಲ್ಲಿ ಮುಗಿಸಿದರು. ಆರೋಗ್ಯ ಸೇವೆಗೆ ಮತ್ತು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹೈಲೆಂಡ್ ಹಾಸ್ಪಿಸ್‌ಗೆ ಎಂದು ಕೂಡಿದ್ದು 4 ಲಕ್ಷ ಪೌಂಡಿಗೂ ಹೆಚ್ಚು.

ಅವರಿಗೆ ಸ್ಫೂರ್ತಿಯಾಗಿದ್ದವರು ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್. ನೂರು ತುಂಬುವ ಹೊಸ್ತಿಲಲ್ಲಿ ಊರುಗೋಲಿನ ಚೌಕಟ್ಟು ಹಿಡಿದು ಅಂಗಳದಲ್ಲಿ ನೂರು ಸುತ್ತು ನಡೆದು, ಬ್ರಿಟನ್ನಿನ ಆರೋಗ್ಯ ಸೇವೆಗೆ 3 ಕೋಟಿ 20 ಲಕ್ಷ ಪೌಂಡಿಗಿಂತ ಹೆಚ್ಚು ಕೂಡಿಸಿಕೊಟ್ಟ ಮಹನೀಯರು. ಆ ಹಣ ಸೇರಬೇಕಾದಲ್ಲಿಗೇ ಸೇರಿತು. ಆದರೆ ಅವರ ಹೆಸರಿನಲ್ಲಿ ಆಮೇಲೆ ಹುಟ್ಟಿದ ಪ್ರತಿಷ್ಠಾನದ ಕಥೆ ಬೇರೆ. ಅದರಿಂದ ಕುಟುಂಬದವರಿಗೆ ಖಾಸಗಿ ಲಾಭವಾಗಿದೆ, ಆಡಳಿತದಲ್ಲಿ ಮತ್ತೆಮತ್ತೆ ಲೋಪವಾಗಿದೆ ಎಂದು ಅಲ್ಲಿನ ಚಾರಿಟಿ ಕಮಿಷನ್ 2024ರ ವರದಿಯಲ್ಲಿ ಹೇಳಿತು. ಮುದುಕರ ಬೆವರಿಗೆ ಯಾವ ಕಳಂಕವೂ ಇಲ್ಲ. ಆದರೂ ಆ ಸುದ್ದಿ ಓದಿದ ಎಷ್ಟು ಜನ ಮುಂದಿನ ಸಲ ಜೇಬಿಗೆ ಕೈಹಾಕುವ ಮುನ್ನ ತಡೆದು ನಿಂತಿರಬಹುದು! ಒಂದು ಸಂಸ್ಥೆಯ ಲೆಕ್ಕ ತಪ್ಪಿದರೆ ಅದರ ದಂಡವನ್ನು ತೆರುವವರು ಬೇರೆಲ್ಲೋ ಹಾಸಿಗೆ ಹಿಡಿದ ರೋಗಿಗಳು.

ಆದ್ದರಿಂದ ಕರ್ನಾಟಕದಲ್ಲಿ ಇಂಥದೊಂದು ಪದ್ಧತಿ ಬೇರೂರಬೇಕು ಎನ್ನುವವರು ಮೆಟ್ಟಿಲಿಗಿಂತ ಮೊದಲು ಲೆಕ್ಕದ ಪುಸ್ತಕ ತೆರೆಯಬೇಕು. ಬೇರೂರಬೇಕು ಎಂಬುದರಲ್ಲಿ ಅನುಮಾನ ಬೇಡ. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10ಕೆ ಓಟ, ಈ ನಗರದ ಜನ ಓಡುತ್ತ ದಾನ ಕೂಡಿಸಬಲ್ಲರು ಎಂಬುದನ್ನು ತೋರಿಸಿಕೊಟ್ಟಿದೆ. ಎತ್ತರದ ಕಟ್ಟಡಗಳಿಗೆ ಬೆಂಗಳೂರಿನಲ್ಲಿ ಈಗ ಬರವಿಲ್ಲ. ಮೆಟ್ಟಿಲೆಂದರೆ ಕಾಲೆಳೆಯುವ ಊರಿಗೆ ಇದರಿಂದ ತನ್ನದೇ ಲಾಭವೂ ಇದೆ: ಬ್ರಿಟನ್ನಿನ ನಾಲ್ಕೂವರೆ ಲಕ್ಷ ಜನರ ಮಾಹಿತಿಯಿಂದ 2023ರಲ್ಲಿ ಹೊರಬಂದ ಅಧ್ಯಯನದಲ್ಲಿ, ದಿನಕ್ಕೆ ಐವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತುವವರಲ್ಲಿ ರಕ್ತನಾಳ ಕಟ್ಟಿಕೊಂಡು ಬರುವ ಹೃದ್ರೋಗದ ಅಪಾಯ ಸುಮಾರು ಶೇ 20ರಷ್ಟು ಕಡಿಮೆ ಕಂಡುಬಂದಿತ್ತು.

ಹಣ ಯಾವುದಕ್ಕೆ ಎಂಬುದನ್ನು ಮಾತ್ರ ಗಟ್ಟಿಯಾಗಿ ಯೋಚಿಸಬೇಕು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಸರ್ಕಾರದ್ದು. ಅದು ಸರ್ಕಾರದ ಹೊಣೆಯಾಗಿಯೇ ಉಳಿಯಬೇಕು. ದಾನದ ಹಣ ಅದನ್ನು ಹಗುರ ಮಾಡಲು ಹೋಗಬಾರದು. ಯೋಜನೆ ಮುಟ್ಟದ ಜಾಗಗಳು ಬೇಕಾದಷ್ಟಿವೆ. ಮಗುವಿಗೆ ಸಾಮಾನ್ಯವಾಗಿ ಬರುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬರುವ ತಾಯಿಗೆ ಔಷಧಿಯ ಚೀಟಿಗಿಂತ ದೊಡ್ಡ ಚಿಂತೆಗಳು ಬಸ್ ಚಾರ್ಜು, ಇರಲೊಂದು ಕೋಣೆ, ಎರಡು ಹೊತ್ತಿನ ಊಟ, ಊರಿನಲ್ಲಿ ತಪ್ಪಿದ ಕೂಲಿ. ಇವು ದಕ್ಕದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋಗುವ ಮಕ್ಕಳಿದ್ದಾರೆ. ಗುಣವಾಗಬಹುದಾಗಿದ್ದ ಮಕ್ಕಳು. ಇನ್ನೊಂದು ತುದಿಯಲ್ಲಿ, ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿದ್ದಾರೆ. 1999ರಿಂದ ಅವರನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿರುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳು ನಡೆಯುವುದೇ ದಾನದ ಮೇಲೆ. ಸಾವಿರ ಮೆಟ್ಟಿಲಿನ ಹರಕೆ ಸಲ್ಲಬೇಕಾದ ಗುಡಿಗಳು ಇಂಥವು.

ನಡೆಸುವ ಬಗೆಯಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದದ್ದು ಹೆಚ್ಚೇನಿಲ್ಲ. ಕೆಲವು ಸೆಕೆಂಡಿನ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡಬೇಕು, ಅಲ್ಲಲ್ಲಿ ನೀರು ಮತ್ತು ವೈದ್ಯರು ಇರಬೇಕು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹತ್ತಬಾರದು, ಹತ್ತಿದವರನ್ನು ಲಿಫ್ಟಿನಲ್ಲೇ ಕೆಳಗಿಳಿಸಬೇಕು, ಏಕೆಂದರೆ ಮಂಡಿ ನೋಯುವುದು ಇಳಿಯುವಾಗ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಚಪ್ಪಲಿ ಸ್ಟ್ಯಾಂಡು, ಹಳೆ ಸೈಕಲ್ಲು, ಪೇಪರಿನ ಕಟ್ಟು ತುಂಬಿಕೊಂಡಿರುವ ತುರ್ತು ಮೆಟ್ಟಿಲುಗಳು ಈ ನೆಪದಲ್ಲಾದರೂ ಖಾಲಿಯಾದರೆ, ಬೆಂಕಿ ಬಿದ್ದ ದಿನ ಅದೇ ಜೀವ ಉಳಿಸೀತು.

ಕಷ್ಟದ ಭಾಗ ರಸೀದಿಯದು. ಕಾರ್ಯಕ್ರಮದ ಖರ್ಚನ್ನು ಪ್ರವೇಶ ಶುಲ್ಕ ಮತ್ತು ಪ್ರಾಯೋಜಕರಿಂದ ತುಂಬಿಸಿಕೊಂಡು, ದೇಣಿಗೆಯ ಹಣಕ್ಕೆ ಕೈಹಾಕದಿರುವುದು ಮೊದಲ ನಿಯಮವಾಗಲಿ. ಟೀ ಶರ್ಟಿನ ಖರ್ಚು ರೋಗಿಯ ಪಾಲಿನಿಂದ ಹೋಗಬಾರದು. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ ಇರುವ ಸಂಸ್ಥೆಗೇ ಹಣ ನೇರವಾಗಿ ಹೋಗಲಿ. ನಡುವೆ ಯಾರ ಸ್ವಂತ ಖಾತೆಯೂ ಬೇಡ. ಈ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ ಎಂಬುದನ್ನು ಕೇಳುವಾಗಲೇ ಹೇಳಿಬಿಡಬೇಕು. ಇಪ್ಪತ್ತು ರೂಪಾಯಿ ಕೊಟ್ಟ ಆಟೊ ಚಾಲಕನಿಗೂ, ಇಪ್ಪತ್ತು ಸಾವಿರ ಕೊಟ್ಟ ಎಂಜಿನಿಯರಿಗೂ ಒಂದೇ ಬಗೆಯ ರಸೀದಿ ಸಿಗಬೇಕು.

ಮುಂದಿನ ವರ್ಷ ಅದೇ ಕಟ್ಟಡದ ಬಾಗಿಲಿಗೆ ಮತ್ತೆ ಹೋಗುವ ಮುನ್ನ ಒಂದು ಕೆಲಸ ಉಳಿದಿರುತ್ತದೆ. ಹೋದ ಸಲ ಎಷ್ಟು ಬಂತು, ಕಾರ್ಯಕ್ರಮಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳ ಬಸ್ ಚಾರ್ಜಿಗೆ, ಎಷ್ಟು ರಾತ್ರಿಯ ಕೋಣೆ ಬಾಡಿಗೆಗೆ ಹೋಯಿತು, ಎಷ್ಟು ಮಕ್ಕಳು ಚಿಕಿತ್ಸೆ ಮುಗಿಸಿ ಊರಿಗೆ ಮರಳಿದರು ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆಯುವುದು, ಆ ಹಾಳೆಯನ್ನು ನೆಲಮಹಡಿಯಲ್ಲಿ ಲಿಫ್ಟಿನ ಗುಂಡಿಯ ಪಕ್ಕದಲ್ಲೇ ಅಂಟಿಸುವುದು. ಲಿಫ್ಟ್ ಇಳಿದು ಬರುವವರೆಗೆ ಕಾಯುತ್ತ ನಿಂತವರಿಗೆ ಅದನ್ನು ಓದಿ ಮುಗಿಸುವಷ್ಟು ಹೊತ್ತು ಇದ್ದೇ ಇರುತ್ತದೆ.